ಹಿಚ್ ಕೊಳ್ಳುವ ಮುಂಚೆ ಬಾಗಿಲಿನ ಸ್ಟಿಕ್ಕರ್ ಓದಿ

ಪ್ರಶ್ನೆ: ನಾವು ಟೆಕ್ಸಸ್‌ನಲ್ಲಿ ಡಲ್ಲಾಸ್ ಹತ್ತಿರ ಇದ್ದೇವೆ. ನನ್ನದು ಮುಕ್ಕಾಲು ಟನ್ ಅನ್ನುವ ವರ್ಗದ ಡೀಸೆಲ್ ಪಿಕಪ್, ಹಿಂದಿನ ಬೆಡ್ (ಸಾಮಾನು ಹೇರುವ ತೊಟ್ಟಿ) ಆರೂವರೆ ಅಡಿ. ಈ ಬೇಸಿಗೆಗೆ ಊರಿಂದ ಅಪ್ಪ ಅಮ್ಮ ಬರುತ್ತಾರೆ. ಅವರ ಜೊತೆ ಹೆಂಡತಿ, ಮಗಳನ್ನೂ ಕರೆದುಕೊಂಡು ಗ್ರ್ಯಾಂಡ್ ಕ್ಯಾನಿಯನ್‌ಗೆ ಹೋಗುವ ಆಸೆ. ಅದಕ್ಕಾಗಿ ಒಂದು ಹಳೆಯ ಫಿಫ್ತ್ ವೀಲ್ ಟ್ರೈಲರ್, ಅಂದರೆ ಬಂಪರಿಗಲ್ಲದೆ ಬೆಡ್ಡಿನೊಳಗೆ ಕಟ್ಟಿ ಎಳೆಯುವ ಮನೆಗಾಡಿ ನೋಡಿದ್ದೇನೆ. ಸಾಮಾನು ತುಂಬಿದರೆ 11,000 ಪೌಂಡ್ ಆಗುತ್ತದಂತೆ. 16,000 ಪೌಂಡ್ ತಡೆಯುವ ಹಿಚ್ (ಟ್ರೈಲರನ್ನು ಗಾಡಿಗೆ ಕಟ್ಟುವ ಕೊಂಡಿ) ತಂದು ನಾನೇ ಕೂರಿಸಬಹುದಾ? ಬೆಡ್ಡಿನ ತಗಡಿಗೆ ದಪ್ಪ ವಾಷರ್ ಕೊಟ್ಟು ಬೋಲ್ಟ್ ಬಿಗಿದರೆ ಸಾಕು ಅಂತ ಗೆಳೆಯರೊಬ್ಬರು ಹೇಳಿದರು.

ಉತ್ತರ: ನೀವೇ ಕೂರಿಸಬಹುದು. ಇಬ್ಬರಿದ್ದರೆ ಒಂದು ದಿನದ ಕೆಲಸ. ಆದರೆ ಗೆಳೆಯರು ಹೇಳಿದ ಹಾಗೆ ಮಾತ್ರ ಮಾಡಬೇಡಿ. ಬೆಡ್ಡಿನ ತಗಡು ಸಾಮಾನು ಹೊರಲು ಇರುವುದು, ಟ್ರೈಲರ್ ಎಳೆಯಲು ಅಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ಟ್ರೈಲರಿನ ನೂಕು ಪೂರ್ತಿ ಆ ಬೋಲ್ಟುಗಳ ಮೇಲೆ ಬರುತ್ತದೆ. ಎಷ್ಟೇ ದಪ್ಪ ವಾಷರ್ ಇದ್ದರೂ ತಗಡು ಹರಿಯುತ್ತದೆ. ಬೋಲ್ಟುಗಳು ತಗಡನ್ನು ದಾಟಿ, ಕೆಳಗೆ ಗಾಡಿಯ ಫ್ರೇಮಿಗೆ ಕಟ್ಟಿದ ಬ್ರಾಕೆಟ್ಟುಗಳನ್ನು ಹಿಡಿಯಬೇಕು.

ಅದಕ್ಕೂ ಮುಂಚಿನ ಮಾತು ಒಂದಿದೆ. 16,000 ಅನ್ನುವುದು ಹಿಚ್ಚಿನ ತಾಕತ್ತು. ನಿಮ್ಮ ಗಾಡಿಯದಲ್ಲ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಹಳದಿ ಬಿಳಿ ಸ್ಟಿಕ್ಕರ್ ಕಾಣುತ್ತದೆ. ಜನ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತದೆ. ನಿಮಗೆ ಬೇಕಾದ ಅಂಕಿ ಅದು.

ಎತ್ತಿನ ಗಾಡಿಗೆ ಹುಲ್ಲು ಹೇರುವುದನ್ನು ನೋಡಿದ್ದೀರಲ್ವಾ? ಭಾರ ಹಿಂದಕ್ಕೆ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ. ಮುಂದಕ್ಕೆ ಜಾಸ್ತಿಯಾದರೆ ಎತ್ತಿನ ಹೆಗಲು ನೋಯುತ್ತದೆ. ಟ್ರೈಲರಿಗೂ ಇದೇ ಲೆಕ್ಕ. ಬಂಪರ್ ಹಿಂದೆ ಕಟ್ಟುವ ಟ್ರೈಲರಿನಲ್ಲಿ ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಗಾಡಿಯ ಮೇಲೆ ಕೂರುತ್ತದೆ. ಫಿಫ್ತ್ ವೀಲ್‌ನಲ್ಲಿ ಅದು 15ರಿಂದ 25 ಭಾಗ. ಈ ಭಾರ ಹಿಂದಿನ ಆಕ್ಸಲ್ಲಿನ ನೇರಕ್ಕೆ ಬೀಳುವುದರಿಂದಲೇ ಫಿಫ್ತ್ ವೀಲ್ ರಸ್ತೆಯಲ್ಲಿ ಅಷ್ಟು ಸ್ಥಿರವಾಗಿ ಬರುವುದು. ಆದರೆ ಹೊರುವ ಹೆಗಲಿಗೆ ಶಕ್ತಿ ಇರಬೇಕು.

ನಿಮ್ಮ 11,000ಕ್ಕೆ ನೂರಕ್ಕೆ 20ರಂತೆ ಹಿಡಿದರೆ 2,200 ಪೌಂಡ್, ಸುಮಾರು 1,000 ಕಿಲೋ. ಹಿಚ್ ಮತ್ತು ಅದು ಕೂರುವ ಉಕ್ಕಿನ ಪಟ್ಟಿಗಳಾದ ರೈಲುಗಳಿಗೆ 150 ಅಂತಿಟ್ಟುಕೊಳ್ಳಿ. ಐದು ಜನಕ್ಕೆ 700. ಒಟ್ಟು 3,050 ಪೌಂಡ್ ಆಯಿತು. ಮುಕ್ಕಾಲು ಟನ್ನಿನ ಡೀಸೆಲ್ ಗಾಡಿಗಳಲ್ಲಿ ಸ್ಟಿಕ್ಕರ್ 2,000ದ ಆಸುಪಾಸು ಇರುವುದು ಅಪರೂಪವಲ್ಲ. ಗಾಡಿ ಹೊರಬಹುದಾದ ತೂಕದಲ್ಲಿ ಒಂದು ಪಾಲನ್ನು ಡೀಸೆಲ್ ಎಂಜಿನ್ನಿನ ತೂಕವೇ ತಿಂದುಹಾಕುತ್ತದೆ. ನಿಮ್ಮದೂ ಹಾಗೇ ಇದ್ದರೆ ಹಗುರವಾದ ಟ್ರೈಲರ್ ನೋಡಿ. ಗಾಡಿಯಲ್ಲಿ ಭಾರ ಕಡಿಮೆಯಾಗಲಿ ಅಂತ ಅಪ್ಪ ಅಮ್ಮನನ್ನು ಟ್ರೈಲರಿನಲ್ಲಿ ಕೂರಿಸುವ ಯೋಚನೆಯಂತೂ ಬೇಡವೇ ಬೇಡ. ಕೆಲವು ರಾಜ್ಯಗಳಲ್ಲಿ ಕಾನೂನು ಬಿಡುತ್ತದೆ, ನಿಜ. ಆದರೆ ಟ್ರೈಲರಿನೊಳಗಿನ ಸೋಫಾಗೆ ಬೆಲ್ಟ್ ಇರುವುದಿಲ್ಲ.

ಲೆಕ್ಕ ಕೂಡಿಬಂತು ಅಂತಿಟ್ಟುಕೊಳ್ಳಿ. ಮುಂದಿನದು ಬೆಡ್ಡಿನ ಉದ್ದ. ಟ್ರೈಲರಿನ ಅಗಲ ಹೆಚ್ಚೆಂದರೆ 102 ಇಂಚು, ಅರ್ಧಕ್ಕೆ 51. ಗಾಡಿಯನ್ನು ಪೂರ್ತಿ ಅಡ್ಡಕ್ಕೆ ತಿರುಗಿಸಿದಾಗ, ಟ್ರೈಲರಿನ ಮೂತಿಯಿಂದ ಇಳಿದು ಹಿಚ್ಚಿಗೆ ಸಿಕ್ಕುವ ಗೂಟ, ಅಂದರೆ ಕಿಂಗ್ ಪಿನ್‌ನಿಂದ ನಿಮ್ಮ ಕ್ಯಾಬಿನ್ ಕಡೆಗೆ ಆ 51 ಇಂಚು ಚಾಚಿಕೊಳ್ಳುತ್ತದೆ. ಎಂಟು ಅಡಿಯ ಬೆಡ್ಡಿನಲ್ಲಿ ಜಾಗ ಸಾಲುತ್ತದೆ. ಆರೂವರೆ ಅಡಿಯದರಲ್ಲಿ ಸಾಲುವುದಿಲ್ಲ, ಟ್ರೈಲರಿನ ಮೂಲೆ ಹಿಂದಿನ ಗಾಜಿಗೆ ಬಡಿಯುತ್ತದೆ. ಇದಕ್ಕೆ ಸ್ಲೈಡರ್ ಹಿಚ್ ಬರುತ್ತದೆ. ಕ್ಯಾಂಪಿನಲ್ಲಿ ಹಿಂದಕ್ಕೆ ತೆಗೆದುಕೊಳ್ಳುವಾಗ ಅದು ಒಂದಡಿಯಷ್ಟು ಹಿಂದೆ ಸರಿದು ಜಾಗ ಕೊಡುತ್ತದೆ. ಹೆದ್ದಾರಿಯಲ್ಲಿ ಮಾತ್ರ ಅದು ಮುಂದಿನ ಜಾಗದಲ್ಲೇ, ಆಕ್ಸಲ್ಲಿನ ನೇರಕ್ಕೆ ಅಥವಾ ಸ್ವಲ್ಪ ಮುಂದಕ್ಕೆ ಲಾಕ್ ಆಗಿರಬೇಕು. ಟ್ರೈಲರಿನ ಮೂತಿ ಮೊದಲೇ ಒಳಕ್ಕೆ ಕತ್ತರಿಸಿದಂತೆ ಇದ್ದರೆ ಕೆಲವೊಮ್ಮೆ ಸಾದಾ ಹಿಚ್ ಸಾಕಾಗುತ್ತದೆ. ಅಳತೆ ತೆಗೆದೇ ತೀರ್ಮಾನಿಸಿ.

ಈಗ ಕೂರಿಸುವ ಕೆಲಸ. ಮೊದಲು ಬೆಡ್ ಗುಡಿಸಿ ನೋಡಿ. ನಾಲ್ಕು ದುಂಡು ಮುಚ್ಚಳ, ನಡುವೆ ಇನ್ನೊಂದು ಕಂಡರೆ ಕಂಪನಿಯವರೇ ತೂತು ಬಿಟ್ಟುಕೊಟ್ಟಿದ್ದಾರೆ ಅಂತ ಅರ್ಥ. ಅದಕ್ಕೆ ಹೊಂದುವ ಹಿಚ್ ತಂದರೆ ಡ್ರಿಲ್ ಮುಟ್ಟುವ ಕೆಲಸವೇ ಇಲ್ಲ. ಇಲ್ಲದಿದ್ದರೆ ನಿಮ್ಮ ಗಾಡಿಯ ಮಾಡೆಲ್ಲು, ವರ್ಷಕ್ಕೇ ಮಾಡಿದ ಬ್ರಾಕೆಟ್ ಕೊಳ್ಳಿ. ಎಲ್ಲ ಗಾಡಿಗೂ ಆಗುತ್ತದೆ ಅನ್ನುವ ಸೆಟ್ ಸ್ವಲ್ಪ ಅಗ್ಗ, ಆದರೆ ಫ್ರೇಮಿಗೆ ತೂತು ಕೊರೆಯಬೇಕಾಗಿ ಬರಬಹುದು. ನಿಮ್ಮ ಗಾಡಿಗೆಂದೇ ಮಾಡಿದವು ಸಾಮಾನ್ಯವಾಗಿ ಫ್ರೇಮಿನಲ್ಲಿ ಮೊದಲೇ ಇರುವ ತೂತುಗಳಿಗೇ ಕೂರುತ್ತವೆ. ಫ್ರೇಮಿಗೆ ವೆಲ್ಡಿಂಗ್ ಮಾಡಿಸಬೇಡಿ.

ಬೆಡ್ಡಿನ ಮೇಲೆ ಹಾಸಿದ ಪ್ಲಾಸ್ಟಿಕ್ ಲೈನರ್ ಇದ್ದರೆ ರೈಲುಗಳ ಕೆಳಗಿನ ಭಾಗ ಕತ್ತರಿಸಿ ತೆಗೆಯಿರಿ. ಅದು ನಡುವೆ ಸಿಕ್ಕಿಕೊಂಡರೆ ಬೋಲ್ಟ್ ಎಂದೂ ಬಿಗಿಯಾಗಿ ನಿಲ್ಲುವುದಿಲ್ಲ. ರೈಲುಗಳನ್ನು ಸುಮ್ಮನೆ ಇಟ್ಟು ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡೂ ಕರ್ಣ ಒಂದೇ ಬರಬೇಕು. ಆಮೇಲೆ ಗಾಡಿಯ ಕೆಳಗೆ ಮಲಗಿ ನೋಡಿ. ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು, ವೈರಿಂಗ್ ಎಲ್ಲ ಅಲ್ಲೇ ಓಡಾಡುತ್ತವೆ. ಸಣ್ಣ ಬಿಟ್‌ನಿಂದ ಮೊದಲ ತೂತು ಕೊರೆದು, ಕೆಳಗೆ ಎಲ್ಲಿ ಬಂತು ಅಂತ ನೋಡಿಕೊಂಡೇ ದೊಡ್ಡದು ಮಾಡಿ. ಕೊರೆದ ಅಂಚಿಗೆ ತುಕ್ಕು ತಡೆಯುವ ಬಣ್ಣ ಹಚ್ಚಿ. ಸೆಟ್ಟಿನಲ್ಲಿ ಬರುವ ಚಿಕ್ಕ ಸ್ಪೇಸರುಗಳನ್ನು ಜಾಸ್ತಿಯಾಯಿತು ಅಂತ ಎತ್ತಿಡಬೇಡಿ. ಬೆಡ್ಡಿನ ಏರುತಗ್ಗಿನಲ್ಲಿ ರೈಲಿನ ಕೆಳಗೆ ಅವು ಇಲ್ಲದಿದ್ದರೆ ಬೋಲ್ಟ್ ಬಿಗಿದಾಗ ತಗಡು ಕುಸಿಯುತ್ತದೆ. ಎಲ್ಲ ಬೋಲ್ಟನ್ನೂ ಕೈಯಲ್ಲೇ ಹಾಕಿ, ಕೊನೆಗೆ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಎಷ್ಟು ಅಂತ ಹಿಚ್ಚಿನ ಜೊತೆ ಬಂದ ಹಾಳೆಯಲ್ಲಿ ಇರುತ್ತದೆ. ಮೊದಲ ಸುತ್ತು ಎಳೆದು ಬಂದ ಮೇಲೆ ಇನ್ನೊಮ್ಮೆ ರೆಂಚ್ ಹಾಕಿ ನೋಡಿ.

2017ರ ಅಥವಾ ಅದರ ನಂತರದ ಮಾಡೆಲ್ಲಿನ ಫೋರ್ಡ್ ಸೂಪರ್ ಡ್ಯೂಟಿ ಆದರೆ ಬೆಡ್ ಅಲ್ಯೂಮಿನಿಯಂ. ಉಕ್ಕು ಅದನ್ನು ನೇರ ಮುಟ್ಟಿದರೆ, ನೀರು ನಿಂತ ಕಡೆ ಸವೆಯುತ್ತದೆ. ರೈಲುಗಳ ಪೇಂಟ್ ಕಿತ್ತಿರದ ಹಾಗೆ ನೋಡಿಕೊಳ್ಳಿ.

ಎತ್ತರವನ್ನೂ ಹೊಂದಿಸಬೇಕು. ಟ್ರೈಲರ್ ಮಟ್ಟಸವಾಗಿ ನಿಲ್ಲಬೇಕು. ಬೆಡ್ಡಿನ ಪಕ್ಕದ ಗೋಡೆಗೂ ಟ್ರೈಲರಿನ ತಳಕ್ಕೂ ನಡುವೆ ಆರು ಇಂಚಾದರೂ ಬಿಡಿ. ಟ್ರೈಲರಿನ ದೀಪ, ಬ್ರೇಕಿಗೆ ಕರೆಂಟ್ ಕೊಡುವ ಏಳು ಪಿನ್ನಿನ ಪ್ಲಗ್ಗನ್ನು ಬೆಡ್ಡಿನ ಒಳಗೋಡೆಗೆ ತಂದರೆ ವೈರು ಟೈಲ್‌ಗೇಟಿಗೆ ಸಿಕ್ಕುವುದಿಲ್ಲ. ಗಾಡಿಯ ಒಳಗೆ, ಟ್ರೈಲರಿನ ಬ್ರೇಕ್ ಹಿಡಿಸುವ ಬ್ರೇಕ್ ಕಂಟ್ರೋಲರ್ ಇಲ್ಲದಿದ್ದರೆ ಹಾಕಿಸಿಯೇ ಹೊರಡಿ.

ಕಟ್ಟುವಾಗ ಆಗುವ ಒಂದು ತಪ್ಪನ್ನು ನಾನು ಕಣ್ಣಾರೆ ನೋಡಿದ್ದೇನೆ. ಟ್ರೈಲರ್ ಎರಡು ಇಂಚು ಎತ್ತರದಲ್ಲಿತ್ತು. ಹಿಚ್ಚಿನ ದವಡೆ ಪಿನ್ನಿನ ಕುತ್ತಿಗೆ ಹಿಡಿಯದೆ ತುದಿಯನ್ನಷ್ಟೇ ಹಿಡಿಯಿತು. ಹಿಡಿ ಮುಚ್ಚಿಕೊಂಡಿತ್ತು, ಎಲ್ಲ ಸರಿ ಅನ್ನಿಸಿತ್ತು. ಗಾಡಿ ಮುಂದೆ ಹೋದಾಗ ಟ್ರೈಲರ್ ಬೆಡ್ಡಿನ ಗೋಡೆಗಳ ಮೇಲೆ ಕುಸಿಯಿತು. ಅದಕ್ಕೇ ಟ್ರೈಲರನ್ನು ಹಿಚ್ಚಿಗಿಂತ ತುಸು ಕೆಳಗಿಡಿ, ಗಾಡಿ ಹಿಂದೆ ಬಂದಾಗ ಅದನ್ನು ಎತ್ತಿಕೊಳ್ಳಲಿ. ಟಾರ್ಚ್ ಹಿಡಿದು ದವಡೆ ನೋಡಿ, ಸೇಫ್ಟಿ ಪಿನ್ ಹಾಕಿ, ಟ್ರೈಲರ್ ಕಳಚಿದರೆ ಅದರ ಬ್ರೇಕ್ ತಾನಾಗಿ ಹಿಡಿಸುವ ಬ್ರೇಕ್‌ಅವೇ ಕೇಬಲ್ ಸಿಕ್ಕಿಸಿ. ಚಕ್ರಗಳಿಗೆ ಅಡ್ಡಗಟ್ಟೆ ಇದ್ದು ಟ್ರೈಲರಿನ ಕಾಲು ನೆಲದ ಮೇಲಿರುವಾಗಲೇ, ಟ್ರೈಲರ್ ಬ್ರೇಕ್ ಹಿಡಿದು ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ಎಳೆಯಿರಿ. ಬಿಡಲಿಲ್ಲ ಅಂದ ಮೇಲೇ ಕಾಲು ಎತ್ತಿ.

ಬಾಗಿಲಿನ ಸ್ಟಿಕ್ಕರಿನ ಅಂಕಿ, ಕ್ಯಾಬಿನ್ನಿನ ಹಿಂಗೋಡೆಯಿಂದ ಹಿಂದಿನ ಆಕ್ಸಲ್ ನಡುವಿನವರೆಗೆ ಎಷ್ಟು ಇಂಚು, ಎರಡನ್ನೂ ಬರೆದು ಕಳಿಸಿ. ಸ್ಲೈಡರ್ ಬೇಕೋ ಬೇಡವೋ, ಈ ಟ್ರೈಲರ್ ನಿಮ್ಮ ಗಾಡಿಗೆ ಆಗುತ್ತದೋ ಇಲ್ಲವೋ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಟ್ರೈಲರಿಗೆ ಮುಂಗಡ ಕೊಡಬೇಡಿ.