ಹೆಬ್ಬೆರಳಿನ ಪಾಠ ಸಣ್ಣದೇ?

ಪಿಯಾನೊದಲ್ಲಿ ಪಳಗಿದ ಅಣ್ಣನ ಮಗಳು ಧರ್ಮಭಗಿನಿಯಾಗಲು ಹೊರಟಿದ್ದಾಳೆ, ಇನ್ನು ಬದುಕಿಡೀ ಕಾನ್ವೆಂಟಿನಲ್ಲಿ 'ಮಕ್ಕಳಿಗೆ ಡೊ-ರೆ-ಮಿ (ಪಾಶ್ಚಾತ್ಯರ ಸ-ರಿ-ಗ) ಹೇಳುತ್ತಾ ಕೂರಬೇಕು', ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದು ಬರೆದಿದ್ದೀರಿ.

ನಿಮ್ಮ ಸಂಕಟ ಸುಳ್ಳಲ್ಲ. ವಿಧೇಯತೆಯ ವ್ರತ ತೊಟ್ಟವಳನ್ನು ಪಾಠ ಬಿಡಿಸಿ ಲೆಕ್ಕಪತ್ರಕ್ಕೆ ಕೂರಿಸಿದರೆ ಕೂರಬೇಕು. ಶುಲ್ಕ ಬಂದರೂ ಅದು ಅವಳದಲ್ಲ, ಮಠದ್ದು. 1903ರಲ್ಲಂತೂ ಪೋಪ್ ಹತ್ತನೇ ಪಯಸ್ ಹೆಂಗಸರನ್ನು ಚರ್ಚಿನ ಗಾನವೃಂದದಿಂದಲೇ ಹೊರಗಿಟ್ಟಿದ್ದರು. ಒಪ್ಪಿದೆ.

ಆದರೆ ಆ 'ಡೊ-ರೆ-ಮಿ'ಯನ್ನು ಹಗುರವಾಗಿ ಆಡಬೇಡಿ. ಅದು ಹುಟ್ಟಿದ್ದೇ ಒಬ್ಬ ಮೇಷ್ಟ್ರ ಪರದಾಟದಿಂದ. 11ನೇ ಶತಮಾನದ ಕ್ರೈಸ್ತ ಸಂನ್ಯಾಸಿ, ಇಟಲಿಯ ಅರೆಟ್ಸೊದ ಗ್ವಿದೊ, ಹಾಡುವವರು ಬೇಗ ಕಲಿಯಲೆಂದು ಸ್ತೋತ್ರವೊಂದರ ಸಾಲುಗಳ ಮೊದಲ ಅಕ್ಷರಗಳನ್ನು ಹೆಕ್ಕಿ ಸ್ವರಗಳಿಗೆ ಹೆಸರಿಟ್ಟ. ಆಗ 'ಡೊ' ಇರಲಿಲ್ಲ, 'ಉಟ್' ಇತ್ತು.

ಪಿಯಾನೊ ಕಲಿಯುವ ಮಗುವಿನ ಮೊದಲ ಸ್ವರಶ್ರೇಣಿ, ಸಿ ಮೇಜರನ್ನೇ ನೋಡಿ. ಬಲಗೈಯ 1, 2, 3ನೇ ಬೆರಳು (ಹೆಬ್ಬೆರಳೇ 1) ಸಿ, ಡಿ, ಇ ಸ್ವರಗಳನ್ನು ಒತ್ತಿದ ಮೇಲೆ ಎಫ್‌ಗೆ ಮತ್ತೆ ಹೆಬ್ಬೆರಳು ಬರಬೇಕು. ಮಗು ಇ ಒತ್ತುವವರೆಗೂ ಹೆಬ್ಬೆರಳನ್ನು ಸಿ ಮೇಲೆಯೇ ಬಿಟ್ಟಿರುತ್ತದೆ, ಆಮೇಲೆ ಗಡಿಬಿಡಿ. ಮೊಣಕೈ ಹೊರಗೆ ಜಿಗಿಯುತ್ತದೆ, ಎಫ್ ಧೊಪ್ಪೆಂದು ಬೀಳುತ್ತದೆ. ಗದರಿದರೆ ಮಣಿಕಟ್ಟು ಇನ್ನಷ್ಟು ಬಿಗಿಯುತ್ತದೆ. ಎರಡನೇ ಬೆರಳು ಡಿ ಒತ್ತಿದ ಕ್ಷಣವೇ ಹೆಬ್ಬೆರಳು ಅಂಗೈಯಡಿ ಹೊರಟಿರಬೇಕು. ಲಯ ಬಡಿಯುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಏಟಿಗಿಟ್ಟು, ಏಟಿಗೊಂದು ಸ್ವರ, ಒಂದೊಂದೇ ಕೈ. ವಾರಗಟ್ಟಲೆ ಇದೇ. ಇದನ್ನು ಬೇಸರವಿಲ್ಲದೆ ಕೇಳಿಸಿಕೊಳ್ಳುವ ಕಿವಿ ಎಲ್ಲಿ ಸಿಗುತ್ತದೆ?

ಮಠದ ಪ್ರಾರ್ಥನೆಯಲ್ಲಿ ಸಿಗುತ್ತದೆ ಎನ್ನುತ್ತೇನೆ. ಅಲ್ಲಿ ಎರಡು ಸಾಲು ಎದುರುಬದುರು ನಿಂತು ಕೀರ್ತನೆಯ ಚರಣಗಳನ್ನು ಸರದಿಯಲ್ಲಿ ಹಾಡುತ್ತವೆ. ಚರಣದ ನಡುವೆ ನಕ್ಷತ್ರದ ಗುರುತು. ಅಲ್ಲಿ ಎಲ್ಲರೂ ನಿಂತು ಉಸಿರೆಳೆದು, ಉಳಿದರ್ಧವನ್ನು ಒಟ್ಟಿಗೆ ಎತ್ತಿಕೊಳ್ಳಬೇಕು. ಲಯಕ್ಕೆ ಕೈ ತೋರಿಸುವವರಿಲ್ಲ. ಒಬ್ಬಳು ಅವಸರಪಟ್ಟರೆ ಸಾಲೆಲ್ಲ ಚದುರುತ್ತದೆ. ದಿನಾ ಹೀಗೆ ಕಾದವಳಿಗೆ ಮಗುವಿನ ಹೆಬ್ಬೆರಳಿಗೆ ಕಾಯುವುದು ಕಷ್ಟವೇ?

ಮಠ ಸೇರಿದರೆ ಸಂಗೀತ ಸತ್ತಿತು ಎನ್ನುವವರಿಗೆ ಇಸಬೆಲ್ಲಾ ಲಿಯೊನಾರ್ಡಾ ಇದ್ದಾರೆ. 1620ರಲ್ಲಿ ಹುಟ್ಟಿ, 16ಕ್ಕೆ ಇಟಲಿಯ ನೊವಾರಾದಲ್ಲಿ ಉರ್ಸುಲಿನ್ ಪಂಥದ ಸಂನ್ಯಾಸಿನಿಯರ ಮಠ ಸೇರಿ, ಅದರ ಮೇಲ್ವಿಚಾರಣೆಯನ್ನೂ ಹೊತ್ತು, ಸುಮಾರು 200 ರಚನೆ ಮಾಡಿದರು. ಅವರ ಸೊನಾಟಾಗಳು, ಅಂದರೆ ವಾದ್ಯರಚನೆಗಳು, 1693ರಲ್ಲಿ ಅಚ್ಚಾದವು.

ನಮ್ಮ ರೋಗ ಬೇರೆ. ವೇದಿಕೆ ಏರಿದವರಷ್ಟೇ ನಮಗೆ ಕಲಾವಿದರು. ಕಛೇರಿಯ ಕರಪತ್ರದಲ್ಲಿ ಹಣ ಕೊಟ್ಟವರ ಹೆಸರು ದಪ್ಪಕ್ಷರದಲ್ಲಿ, ಕೊನೆಯ ಗುರುವಿನದು ಸಣ್ಣಕ್ಷರದಲ್ಲಿ. ಬೆರಳಿಡಲು ಕಲಿಸಿದವರು ಎಲ್ಲಿಯೂ ಇಲ್ಲ. ಪತ್ರಿಕೆಗಳೂ, ಇದೂ ಸೇರಿ, ಹಾಗೆಯೇ ನಡೆದುಕೊಂಡಿವೆ.

ಹುಡುಗಿ ನಾಳೆಯೇ ಕೈಬಿಟ್ಟು ಹೋಗುವುದಿಲ್ಲ. ವ್ರತಕ್ಕೆ ಮುಂಚಿನ ತರಬೇತಿಯಾದ ನವದೀಕ್ಷೆಗೆ ಕಡಿಮೆಯೆಂದರೆ 12 ತಿಂಗಳು, ಅನಂತರ ತಾತ್ಕಾಲಿಕ ವ್ರತಕ್ಕೆ ಕನಿಷ್ಠ 3 ವರ್ಷ. ಅಲ್ಲಿಯವರೆಗೆ ಹಿಂದಿರುಗುವ ದಾರಿ ತೆರೆದೇ ಇರುತ್ತದೆ. ಅಳುವುದು ಬಿಟ್ಟು ಒಂದು ವಿಚಾರಿಸಿ: ನವದೀಕ್ಷೆಯ ಮನೆಯಲ್ಲಿ ಪಿಯಾನೊ ಇದೆಯೇ, ದಿನಕ್ಕೊಂದು ತಾಸು ಅದರ ಮುಂದೆ ಕೂರಲು ಬಿಡುತ್ತಾರೆಯೇ?