ಮೆಣಸು ಯಾವ ದೇಶದ್ದು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ವಿಯೆಟ್ನಾಂ ಕಾಳುಮೆಣಸು ಶ್ರೀಲಂಕಾ ಮೂಲಕ ಬಂದು ನಮ್ಮ ದರ ಬೀಳಿಸುತ್ತಿದೆ ಎನ್ನುತ್ತಾರೆ. ಒಪ್ಪಂದದಲ್ಲೇ ಇದಕ್ಕೆ ಅವಕಾಶ ಇದೆಯೇ?
– ಕಾಫಿ, ಮೆಣಸು ಬೆಳೆಗಾರರು, ಸಕಲೇಶಪುರ

ಉತ್ತರ: ಒಪ್ಪಂದದಲ್ಲಿ ಅವಕಾಶ ಇಲ್ಲ. ಸುಂಕದ ಅಂತರ ಮಾತ್ರ ಆಸೆ ಹುಟ್ಟಿಸುವಷ್ಟಿದೆ. ಮೆಣಸಿಗೆ ಭಾರತದ ಸಾಮಾನ್ಯ ಆಮದು ಸುಂಕ 70%. ವಿಯೆಟ್ನಾಂನಿಂದ ನೇರವಾಗಿ ತಂದರೆ ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟ) ರಿಯಾಯಿತಿ ಸೇರಿಯೂ ಸುಮಾರು 50%. ಶ್ರೀಲಂಕಾದ್ದಾದರೆ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದ, ಅಂದರೆ ಸಾಫ್ಟಾದಡಿ 8%. 1998ರಲ್ಲಿ ಸಹಿಯಾಗಿ 2000ರಲ್ಲಿ ಜಾರಿಗೆ ಬಂದ ಭಾರತ–ಶ್ರೀಲಂಕಾ ಒಪ್ಪಂದದಡಿ ವರ್ಷಕ್ಕೆ 2,500 ಟನ್‌ವರೆಗೆ ಸುಂಕವೇ ಇಲ್ಲ.

ಈ ರಿಯಾಯಿತಿ ಶ್ರೀಲಂಕಾದಿಂದ ಹೊರಟ ಮೆಣಸಿಗಲ್ಲ, ಶ್ರೀಲಂಕಾದಲ್ಲಿ ಬೆಳೆದ ಮೆಣಸಿಗೆ. ಹೊರಗಿನ ಕಚ್ಚಾ ಮಾಲು ಬಳಸಿದರೆ ಎರಡು ಷರತ್ತು: ಅಲ್ಲಿ ಕನಿಷ್ಠ 35% ಮೌಲ್ಯ ಸೇರಬೇಕು, ಮತ್ತು ಸರಕಿನ ನಾಲ್ಕಂಕಿ ಸುಂಕ ಶೀರ್ಷಿಕೆ, ಅಂದರೆ ಕಸ್ಟಮ್ಸ್ ಪಟ್ಟಿಯಲ್ಲಿ ಸರಕಿನ ಬಗೆಯನ್ನು ಗುರುತಿಸುವ ಸಂಖ್ಯೆ, ಬದಲಾಗಬೇಕು. ಮೆಣಸಿನ ಶೀರ್ಷಿಕೆ 0904. ವಿಯೆಟ್ನಾಂ ಕಾಳನ್ನು ಕೊಲಂಬೊದಲ್ಲಿ ಒಣಗಿಸಿ, ಜರಡಿ ಹಿಡಿದು, ಹೊಸ ಚೀಲಕ್ಕೆ ತುಂಬಿದರೂ ಅದು 0904. ಪುಡಿ ಮಾಡಿದರೂ 0904; ಬದಲಾಗುವುದು ಮುಂದಿನ ಅಂಕಿಗಳು ಮಾತ್ರ. ಸಾರ ತೆಗೆದು ಓಲಿಯೊರೆಸಿನ್ ಮಾಡಿದರೆ 3301 ಆಗುತ್ತದೆ, ಆದರೆ ಅದು ಬೇರೆಯೇ ಮಾರುಕಟ್ಟೆ. ಹಾಗಾಗಿ ಮೋಸ ನಡೆಯುವುದಾದರೆ ಸರಕು ಯಾವ ದೇಶದ್ದೆಂದು ದೃಢೀಕರಿಸುವ ಸರ್ಟಿಫಿಕೇಟ್ ಆಫ್ ಒರಿಜಿನ್‌ನಲ್ಲೇ ನಡೆಯಬೇಕು.

ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ (ಅದಕ್ಕಿಂತ ಕಡಿಮೆ ಬೆಲೆಯ ಮಾಲು ತರುವಂತಿಲ್ಲ) ಇದೆಯಲ್ಲ, ಅದು ತಡೆಯುವುದಿಲ್ಲವೇ ಎಂದರೆ ಪೂರ್ತಿ ತಡೆಯುವುದಿಲ್ಲ. ಅಗ್ಗದ ಮಾಲಿಗೆ ಬಿಲ್‌ನಲ್ಲಿ 500 ಎಂದು ಬರೆದುಬಿಟ್ಟರೆ ಷರತ್ತು ದಾಟಿತು. ಹಾಗೆ ಏರಿಸಿ ಬರೆದಾಗ 70% ಸುಂಕದಲ್ಲಿ ಕೆಜಿಗೆ 350 ರೂಪಾಯಿ ಕಟ್ಟಬೇಕು, 8%ದಲ್ಲಿ 40 ರೂಪಾಯಿ, ಕೋಟಾದೊಳಗೆ ಸೊನ್ನೆ. ರಿಯಾಯಿತಿ ಹೆಚ್ಚಿದಷ್ಟೂ ಸುಳ್ಳು ಬಿಲ್ ಅಗ್ಗ.

2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿರುವ ಕಸ್ಟಮ್ಸ್ ಮೂಲ ನಿಯಮಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಸರ್ಟಿಫಿಕೇಟ್ ತೋರಿಸಿದರೆ ಸಾಲದು; ಸರಕು ಹೇಗೆ ಆ ದೇಶದ್ದಾಯಿತು ಎಂಬ ವಿವರವನ್ನು ಆಮದುದಾರ ನಮೂನೆ 1ರಲ್ಲಿ ಮೊದಲೇ ಸಿದ್ಧವಿಟ್ಟುಕೊಂಡು, ಐದು ವರ್ಷ ಕಾಪಾಡಬೇಕು. ಅಧಿಕಾರಿ ಕೇಳಿದರೆ 10 ಕೆಲಸದ ದಿನಗಳೊಳಗೆ ಕೊಡಬೇಕು. ಬೆಳೆಗಾರರ ಸಂಘಗಳು ‘ಆಮದು ನಿಲ್ಲಿಸಿ’ ಎಂಬ ಮನವಿಪತ್ರಕ್ಕಿಂತ ಈ ಪರಿಶೀಲನೆಗೆ ಒತ್ತಾಯಿಸುವುದು ಮೇಲು. ವಾಣಿಜ್ಯ ಸಚಿವಾಲಯದ ಜಾಲತಾಣದಲ್ಲಿ ದೇಶವಾರು ಆಮದಿನ ಮೌಲ್ಯ, ಪ್ರಮಾಣ ಎರಡೂ ಸಿಗುತ್ತವೆ. ಮೌಲ್ಯವನ್ನು ಪ್ರಮಾಣದಿಂದ ಭಾಗಿಸಿ. ಅಂತರರಾಷ್ಟ್ರೀಯ ದರ ಕೆಳಗಿದ್ದಾಗಲೂ ಉತ್ತರ ತಿಂಗಳು ತಿಂಗಳು 500ರ ಆಸುಪಾಸಿನಲ್ಲೇ ನಿಂತಿದ್ದರೆ ಆ ಲೆಕ್ಕವನ್ನೇ ದೂರಿಗೆ ಲಗತ್ತಿಸಿ.

ಪ್ರಶ್ನೆ: ಭೂತಾನ್ ಅಡಿಕೆಗೆ ಕನಿಷ್ಠ ಬೆಲೆಯ ಷರತ್ತಿಲ್ಲವಂತೆ. ನಮ್ಮ ಒಣ ಅಡಿಕೆಯ ಬಗೆಗಳಾದ ರಾಶಿ ಇಡಿ, ಚಾಲಿಗೆ ಏನು ಗತಿ?
– ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: 2022ರ ಸೆಪ್ಟೆಂಬರ್ ಆದೇಶ ಕೊಟ್ಟ ಅವಕಾಶ 17,000 ಟನ್ ಹಸಿ ಅಡಿಕೆಗೆ, ಅದೂ ಪಶ್ಚಿಮ ಬಂಗಾಳದ ಜೈಗಾಂವ್ ಗಡಿಯ ಮೂಲಕ. ಈಶಾನ್ಯದಲ್ಲಿ ಹಸಿ ಅಡಿಕೆಯನ್ನೇ ತಿನ್ನುವವರು ಬಹಳ. ಸಿಪ್ಪೆ, ನೀರು ಕಳೆದರೆ ಆ ತೂಕದಲ್ಲಿ ಒಣ ಅಡಿಕೆ ಉಳಿಯುವುದು ಸಣ್ಣ ಪಾಲು. ಒಣ ಅಡಿಕೆಗೆ 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕೆಜಿಗೆ 251ರಿಂದ 351 ರೂಪಾಯಿಗೆ ಏರಿಸಲಾಗಿದೆ. ಚಿಂತೆ ಮಾಡಬೇಕಾದದ್ದು ಭೂತಾನ್ ಕೋಟಾದ ಬಗ್ಗೆ ಅಲ್ಲ, ಕಾಗದವೇ ಇಲ್ಲದೆ ಗಡಿ ದಾಟುವ ಮಾಲಿನ ಬಗ್ಗೆ.

ಪ್ರಶ್ನೆ: 1986ರಲ್ಲಿ ಬೆಂಗಳೂರಿನಲ್ಲೇ ಸಾರ್ಕ್ (ದಕ್ಷಿಣ ಏಷ್ಯಾ ದೇಶಗಳ ಸಹಕಾರ ಸಂಘಟನೆ) ಶೃಂಗಸಭೆ ನಡೆದಿತ್ತು. ಆ ಸಂಸ್ಥೆ ಈಗ ಇದೆಯೇ?
– ನಿವೃತ್ತ ಉಪನ್ಯಾಸಕರು, ಮೈಸೂರು

ಉತ್ತರ: ಇದೆ, ನಾಯಕರು ಸೇರುತ್ತಿಲ್ಲ ಅಷ್ಟೆ. ಕಠ್ಮಂಡುವಿನಲ್ಲಿ ಕಾರ್ಯಾಲಯ ಸ್ಥಾಪಿಸುವ ಒಪ್ಪಂದಕ್ಕೆ ಸಹಿ ಬಿದ್ದದ್ದು ಬೆಂಗಳೂರಿನ ಆ ಎರಡನೇ ಶೃಂಗಸಭೆಯಲ್ಲೇ. ಕೊನೆಯದು, 18ನೆಯದು, 2014ರ ನವೆಂಬರ್‌ನಲ್ಲಿ ಕಠ್ಮಂಡುವಿನಲ್ಲಿ ನಡೆಯಿತು. 2016ರಲ್ಲಿ ಇಸ್ಲಾಮಾಬಾದ್‌ನಲ್ಲಿ ಸೇರಬೇಕಿತ್ತು. ಉರಿ ದಾಳಿಯ ನಂತರ ಭಾರತ ಹಿಂದೆ ಸರಿಯಿತು, ಬೇರೆಯವರೂ ಸರಿದರು. ಸನ್ನದಿನ 10ನೇ ವಿಧಿಯ ಪ್ರಕಾರ ಎಲ್ಲ ತೀರ್ಮಾನವೂ ಸರ್ವಾನುಮತದ್ದಾಗಬೇಕು, ಇಬ್ಬರ ನಡುವಿನ ಜಗಳ ಚರ್ಚೆಗೆ ಬರಕೂಡದು. ಸಣ್ಣ ದೇಶಗಳ ಧೈರ್ಯಕ್ಕೆಂದು ಇಟ್ಟ ನಿಯಮವೇ ಒಬ್ಬರ ‘ಬೇಡ’ಕ್ಕೆ ಎಂಟೂ ದೇಶಗಳನ್ನು ಕಟ್ಟಿಹಾಕುತ್ತದೆ.

ಹಾಗೆಂದು ಎಲ್ಲವೂ ನಿಂತಿಲ್ಲ. ಸಾಫ್ಟಾ ದರಗಳು ಜಾರಿಯಲ್ಲಿವೆ. ಸಾರ್ಕ್ ಕರೆನ್ಸಿ ಸ್ವಾಪ್ (ಸದಸ್ಯ ದೇಶಗಳ ನಡುವಿನ ಕರೆನ್ಸಿ ವಿನಿಮಯ) ವ್ಯವಸ್ಥೆಯಡಿ ರಿಸರ್ವ್ ಬ್ಯಾಂಕ್ 2022ರ ಜನವರಿಯಲ್ಲಿ ಶ್ರೀಲಂಕಾಕ್ಕೆ 40 ಕೋಟಿ ಡಾಲರ್ ಒದಗಿಸಿತು. ದೊಡ್ಡ ಕೆಲಸಗಳು ಮಾತ್ರ ಎರಡು ಮೂರು ದೇಶಗಳ ಗುಂಪಿಗೆ ಹೋಗಿವೆ: 2024ರ ನವೆಂಬರ್‌ನಲ್ಲಿ ನೇಪಾಳದ 40 ಮೆಗಾವಾಟ್ ವಿದ್ಯುತ್ ಭಾರತದ ಗ್ರಿಡ್ ಮೂಲಕ ಬಾಂಗ್ಲಾದೇಶಕ್ಕೆ ಹರಿಯಿತು.

ಪ್ರಶ್ನೆ: ಮರದ ಆಟಿಕೆಗೆ ನೇಪಾಳದಿಂದ ಬೇಡಿಕೆ ಬಂದಿದೆ. ‘ರಕ್ಸೌಲ್‌ವರೆಗೆ ಲಾರಿಗೆ ಹಾಕಿ, ಮುಂದಿನದು ನನಗಿರಲಿ’ ಎನ್ನುತ್ತಾರೆ. ಒಪ್ಪಬಹುದೇ?
– ಆಟಿಕೆ ತಯಾರಕರು, ಚನ್ನಪಟ್ಟಣ

ಉತ್ತರ: ಜಿಎಸ್‌ಟಿ ಸೇರಿಸಿ ಬಿಲ್ ಮಾಡುವುದಾದರೆ ಒಪ್ಪಿ. ತೆರಿಗೆ ಬಿಟ್ಟು ರಫ್ತು ಎಂದು ತೋರಿಸುವುದಾದರೆ ಬೇಡ. ರಕ್ಸೌಲ್ ಬಿಹಾರದಲ್ಲಿದೆ, ನಿಮ್ಮ ಹೆಸರಿನ ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಸಲ್ಲಿಸುವ ರಫ್ತು ಪತ್ರ) ಇಲ್ಲದಿದ್ದರೆ ಲೆಕ್ಕದಲ್ಲಿ ಅದು ದೇಶದೊಳಗಿನ ಮಾರಾಟ.

ರಫ್ತೇ ಆಗಬೇಕಿದ್ದರೆ ಮೊದಲು ಆಮದು–ರಫ್ತು ಕೋಡ್ ಮಾಡಿಸಿ, ಆನ್‌ಲೈನ್‌ನಲ್ಲಿ 500 ರೂಪಾಯಿ ಶುಲ್ಕ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆರ್‌ಎಫ್‌ಡಿ–11 ತುಂಬಿ ಆ ಹಣಕಾಸು ವರ್ಷಕ್ಕೆ, ತೆರಿಗೆ ಕಟ್ಟದೆ ರಫ್ತು ಮಾಡುವ ಮುಚ್ಚಳಿಕೆಯಾದ ಎಲ್‌ಯುಟಿ ಪಡೆಯಿರಿ. ವಿದೇಶಿ ವ್ಯವಹಾರಕ್ಕೆ ಅಧಿಕಾರ ಪಡೆದ ನಿಮ್ಮ ಬ್ಯಾಂಕ್ ಶಾಖೆಯ ಗುರುತಿನ ಸಂಖ್ಯೆ, ಅಂದರೆ ಎಡಿ ಕೋಡ್, ರಕ್ಸೌಲ್ ಕಸ್ಟಮ್ಸ್‌ನಲ್ಲಿ ನೋಂದಣಿಯಾಗಬೇಕು. ಇದನ್ನು ಲಾರಿ ಹೊರಡುವ ಮೊದಲೇ ಅಲ್ಲಿಯ ಕಸ್ಟಮ್ಸ್ ಬ್ರೋಕರ್ ಮೂಲಕ ಮುಗಿಸಿಕೊಳ್ಳಿ, ಇಲ್ಲವಾದರೆ ಮಾಲು ಗಡಿಯಲ್ಲಿ ಕಾಯುತ್ತದೆ, ಲಾರಿ ಬಾಡಿಗೆ ಏರುತ್ತದೆ. ಇನ್‌ವಾಯ್ಸ್ ಭಾರತೀಯ ರೂಪಾಯಿಯಲ್ಲೇ ಇರಲಿ, ಹಣ ಬ್ಯಾಂಕ್ ಮೂಲಕ ಬರಲಿ. ಖರೀದಿದಾರರ ನೇಪಾಳಿ ಪ್ಯಾನ್ ಮತ್ತು ಎಕ್ಸಿಮ್ ಕೋಡ್ (ಅಲ್ಲಿಯ ಆಮದು–ರಫ್ತು ಸಂಖ್ಯೆ) ಮೊದಲೇ ಕೇಳಿ ಪಡೆಯಿರಿ. ಇನ್‌ವಾಯ್ಸ್ ದಿನಾಂಕದಿಂದ ಮೂರು ತಿಂಗಳೊಳಗೆ ಮಾಲು ಗಡಿ ದಾಟದಿದ್ದರೆ ತೆರಿಗೆಯ ಜೊತೆಗೆ 18% ಬಡ್ಡಿಯನ್ನೂ ನೀವೇ ಕಟ್ಟಬೇಕಾಗುತ್ತದೆ.