ಹಳೆ ನಾಯಿ ಮರಿಗೆ ಗುರ್ ಅಂದರೆ ಗದರಬೇಕಾ?

ಗದರಬೇಡಿ. ಸಕಲೇಶಪುರದ ಕಡೆ ತೋಟದ ಮನೆ, ಒಂಬತ್ತು ವರ್ಷದ ಹೆಣ್ಣು ನಾಯಿ, ಮೊನ್ನೆ ತಂದ ಎರಡು ತಿಂಗಳ ಮರಿ. ಮರಿ ಕಿವಿಗೆ ಜೋತುಬಿದ್ದಾಗೆಲ್ಲ ದೊಡ್ಡದು ಗುರ್ ಅನ್ನುತ್ತೆ ಅಂತ ಬರೆದಿದ್ದೀರಿ. ಆ ಗುರ್ ಅನ್ನೋದೇ ಪಾಠ. ಅದಕ್ಕೆ ಹೊಡೆದು ಸುಮ್ಮನಾಗಿಸಿದರೆ, ಮುಂದೆ ಸೂಚನೆ ಕೊಡದೆ ನೇರ ಬಾಯಿ ಹಾಕುತ್ತೆ.

ಗುರ್ ಅನ್ನೋಕೂ ಮುಂಚಿನದ್ದನ್ನ ಕೂತು ನೋಡಿ, ಒಳ್ಳೆ ತಮಾಷೆ. ಮೊದಲು ಮುಖ ಆಚೆ ತಿರುಗಿಸುತ್ತೆ, ಮರಿ ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ. ಆಮೇಲೆ ಮೂತಿ ನೆಕ್ಕಿಕೊಳ್ಳುತ್ತೆ. ಓರೆಗಣ್ಣಲ್ಲಿ ಬಿಳಿ ಕಾಣುತ್ತೆ. ಆಮೇಲೆ ಗುರ್, ಕೊನೆಗೆ ಗಾಳಿಗೇ ಒಂದು ಕಟಕ್. ಮರಿ ಕಿಂಯ್ ಅಂತ ಅಂಗಾತ ಬಿದ್ದು ಹೊಟ್ಟೆ ತೋರಿಸುತ್ತೆ, ಅರೆನಿಮಿಷದಲ್ಲಿ ಬಾಲ ಹಿಡಿಯೋಕೆ ಮತ್ತೆ ಹಾಜರ್. ಎಷ್ಟೇ ಕಿರುಚಿದರೂ ಗಾಯವಿಲ್ಲ ಅಂದರೆ ಬಿಟ್ಟುಬಿಡಿ. ಮರಿಗಿರೋ 28 ಹಾಲುಹಲ್ಲೂ ಸೂಜಿ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತೆ ಅನ್ನೋದನ್ನ ನಮಗಿಂತ ಚೆನ್ನಾಗಿ ದೊಡ್ಡ ನಾಯಿ ಕಲಿಸುತ್ತೆ. ನಾಲ್ಕು ತಿಂಗಳು ದಾಟಿದ ಮೇಲೆ ಮರಿ ಅನ್ನೋ ರಿಯಾಯಿತಿ ಕಮ್ಮಿಯಾಗಿ ಗದರಿಕೆ ಬಿರುಸಾಗುತ್ತೆ, ಅದೂ ಸಹಜ.

ನೀವು ನಡುವೆ ಹೋಗಬೇಕಾದ್ದು ದೊಡ್ಡದು ಸದ್ದೇ ಮಾಡದೆ ಮೈ ಸೆಟೆದು ದಿಟ್ಟಿಸಿದಾಗ, ಇಲ್ಲ ಅದು ಎದ್ದುಹೋದರೂ ಮರಿ ಬೆನ್ನು ಬಿಡದಾಗ. ಆಗ ಎತ್ತಬೇಕಾದ್ದು ಮರಿಯನ್ನ. ಸಂಜೆ ಹೊತ್ತು ಹುಚ್ಚೆದ್ದು ಓಡೋ ಮರಿಗೆ ಎಷ್ಟೋ ಸಲ ಬೇಕಿರೋದು ಆಟ ಅಲ್ಲ, ನಿದ್ದೆ. ಈ ವಯಸ್ಸಲ್ಲಿ ದಿನಕ್ಕೆ 18 ಗಂಟೆ ಮಲಗುತ್ತೆ. ಇನ್ನು ಬಚ್ಚಲೊಲೆ ಪಕ್ಕದ ಗೋಣಿಚೀಲ ಹಳೇದರ ಸ್ವತ್ತು. ಬಾಗಿಲಿಗೆ ಅಡ್ಡ ಹಲಗೆ ಇಟ್ಟು ಮರಿ ಅಲ್ಲಿಗೆ ಹೋಗದ ಹಾಗೆ ನೋಡಿಕೊಳ್ಳಿ. ಮರಿ ಒಂದೇ ಜಾಗ ಮುಟ್ಟಿದಾಗ ಮಾತ್ರ ದೊಡ್ಡದು ಸಿಡುಕಿದರೆ, ಕಿವಿ ಸೋರ್ತಾ ಇದೆಯಾ, ಸೊಂಟ ಹಿಡಿದಿದೆಯಾ ಅಂತ ಪಶುವೈದ್ಯರಿಗೆ ತೋರಿಸಿ.

ಊಟ ಬೇರೆ ಬೇರೆ ಕಡೆ. ಮರಿಗೆ ದಿನಕ್ಕೆ ನಾಲ್ಕು ಸಲ, ದೊಡ್ಡದಕ್ಕೆ ಎರಡು. ತಿಂದಾದ ತಕ್ಷಣ ತಟ್ಟೆ ಎತ್ತಿಡಿ. ನಿಜವಾದ ಜಗಳ ಹತ್ತೋದು ಮೂಳೆಗೆ.

ಉಣ್ಣೆ ಹುಳದ ಔಷಧಿ ವಿಷಯ ತುಂಬಾ ಜನಕ್ಕೆ ಹೊಳೆಯಲ್ಲ. ದೊಡ್ಡದರ ಕತ್ತಿಗೆ ಹಾಕಿದ್ದು ಮರಿಯ ಬಾಯಿಗೆ ಹೋಗುತ್ತೆ, ಯಾಕಂದರೆ ಮರಿ ಜೋತುಬೀಳೋದೇ ಅಲ್ಲಿಗೆ. ಪೂರ್ತಿ ಒಣಗೋವರೆಗೆ ಬೇರೆ ಇಡಿ. ದನಕ್ಕೆ ಸಿಂಪಡಿಸೋ ಔಷಧಿಯನ್ನಂತೂ ಮರಿಗೆ ಮುಟ್ಟಿಸಲೇಬೇಡಿ. ಮರಿಗೆ ಪಾರ್ವೊ (ಮರಿಗಳ ಜೀವ ತೆಗೆಯೋ ವಾಂತಿ-ಭೇದಿ ರೋಗ) ಸೇರಿದ ಲಸಿಕೆ 6-8 ವಾರಕ್ಕೆ ಶುರು, 3-4 ವಾರಕ್ಕೊಂದರ ಹಾಗೆ 16 ವಾರದವರೆಗೆ. ರೇಬಿಸ್‌ದು ಮೂರು ತಿಂಗಳಿಗೆ. ದೊಡ್ಡದರ ಈ ವರ್ಷದ ಲಸಿಕೆ ಆಗಿದೆಯಾ ನೋಡಿ, ಪೇಟೆ ಸುತ್ತಿ ಬರೋದು ಅದೇ. ರಾತ್ರಿ ಎರಡನ್ನೂ ಅಂಗಳದಲ್ಲಿ ಕಟ್ಟಬೇಡಿ, ಒಳಗೆ ಮಲಗಿಸಿ. ತೋಟದಂಚಿಗೆ ಚಿರತೆ ಬರೋ ಊರು ನಮ್ಮದು.